ನೀರಿನ ಮೇಲೊಂದು ಸಭೆ, ನೆಲದ ಮೇಲೊಂದು ಸಭೆ

(ಪದವಿ ವಿದ್ಯಾರ್ಥಿಗಳ ಮುಂದೆ ದಾಕ್ಷಾಯಣಿ ವೇಲಾಯುಧನ್ ಅವರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಪುನರಾವರ್ತನೆ ಒಂದಿಷ್ಟು ತೆಗೆದಿದ್ದೇನೆ, ಮಾತಿನ ಓಟ ಹಾಗೇ ಬಿಟ್ಟಿದ್ದೇನೆ.)

ಒಂದು ಸಭೆ ನಡೆಸಬೇಕು ಅಂದುಕೊಳ್ಳಿ. ಜನ ಇದ್ದಾರೆ, ಮಾತಾಡುವವರಿದ್ದಾರೆ, ಆಡಬೇಕಾದ ಮಾತೂ ಇದೆ. ನಿಲ್ಲಲು ನೆಲ ಮಾತ್ರ ಇಲ್ಲ. ಊರೆಲ್ಲ ಮಹಾರಾಜರ ನೆಲ, ಅಲ್ಲಿ ನೀವು ಗುಂಪು ಸೇರುವ ಹಾಗಿಲ್ಲ. ಏನು ಮಾಡುತ್ತೀರಿ?

1913ರಲ್ಲಿ ಕೇರಳದ ಕೊಚ್ಚಿ ಸಂಸ್ಥಾನದಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಪುಲಯರು ಮಾಡಿದ್ದು ಇಷ್ಟು. ಎರ್ನಾಕುಲಂ ಎದುರಿನ ಹಿನ್ನೀರಿಗೆ ದೋಣಿಗಳನ್ನು ತಂದರು. ಒಂದಕ್ಕೊಂದು ಕಟ್ಟಿ, ಮೇಲೆ ಹಲಗೆ ಹಾಸಿದರು. ವೇದಿಕೆಯಾಯಿತು. ನೆಲದ ಮೇಲೆ ಸೇರಬೇಡಿ ಎಂದಿದ್ದರೇ ಹೊರತು ನೀರಿನ ಮೇಲೆ ಸೇರಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಕೇರಳದ ಚರಿತ್ರೆಯಲ್ಲಿ ಇದಕ್ಕೆ ‘ಕಾಯಲ್ ಸಮ್ಮೇಳನ’ ಎಂದೇ ಹೆಸರು. ಕಾಯಲ್ ಎಂದರೆ ಹಿನ್ನೀರು. ಇದರ ಹಿಂದೆ ಇದ್ದವರಲ್ಲಿ ಮೀನುಗಾರ ಸಮುದಾಯದ ಕವಿ ಪಂಡಿತ್ ಕರುಪ್ಪನ್ ಇದ್ದರು, ಪುಲಯರೊಳಗಿನ ಮುಂದಾಳುಗಳಿದ್ದರು. ಆ ಮುಂದಾಳುಗಳ ಬಂಧುಬಳಗದ ಒಂದು ಮನೆಯಲ್ಲಿ, ಮುಳವುಕಾಡ್ ಎಂಬ ಪುಟ್ಟ ದ್ವೀಪದಲ್ಲಿ, ಆಗ ಒಂದು ವರ್ಷವೂ ತುಂಬಿತ್ತೋ ಇಲ್ಲವೋ ಎನ್ನುವಂಥ ಒಂದು ಹೆಣ್ಣುಕೂಸು ಇತ್ತು. 1912ರ ಜುಲೈ 4ರಂದು ಹುಟ್ಟಿದ ಕೂಸು. ಹೆಸರು ದಾಕ್ಷಾಯಣಿ.

ನೀರಿನ ಮೇಲೆ ಸಭೆ ಸೇರಿದವರ ಮನೆಯ ಈ ಮಗಳು ಮೂವತ್ತನಾಲ್ಕನೇ ವಯಸ್ಸಿಗೆ ದೆಹಲಿಯಲ್ಲಿ, ದೇಶದ ಸಂವಿಧಾನ ಬರೆಯಲು ಸೇರಿದ್ದ ಸಭೆಯೊಳಗೆ ಎದ್ದು ನಿಂತು ಮಾತಾಡಿದರು. ಸಂವಿಧಾನ ಸಭೆಯಲ್ಲಿದ್ದ ಹದಿನೈದು ಮಂದಿ ಮಹಿಳೆಯರಲ್ಲಿ ದಲಿತ ಮಹಿಳೆ ಇವರೊಬ್ಬರೇ. ಆ ಹದಿನೈದು ಜನರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರೂ ಇವರೇ. ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಕೈ ಎತ್ತಿ ಎನ್ನುವುದಿಲ್ಲ, ಗಾಬರಿಯಾಗಬೇಡಿ. ಸರೋಜಿನಿ ನಾಯ್ಡು ಗೊತ್ತು, ವಿಜಯಲಕ್ಷ್ಮಿ ಪಂಡಿತ್ ಗೊತ್ತು, ದುರ್ಗಾಬಾಯಿ ದೇಶಮುಖ್ ಗೊತ್ತು. ದಾಕ್ಷಾಯಣಿಯವರನ್ನು ಮರೆತದ್ದಕ್ಕೆ ಜಾತಿಯೊಂದೇ ಕಾರಣ ಎಂದು ನಾನು ಮೊದಲು ಅಂದುಕೊಂಡಿದ್ದೆ. ಅವರ ಭಾಷಣಗಳನ್ನು ಓದುತ್ತಾ ಹೋದಂತೆ ಇನ್ನೊಂದು ಕಾರಣ ಕಂಡಿತು. ಅವರನ್ನು ಯಾವ ಗುಂಪೂ ಪೂರ್ತಿಯಾಗಿ ನಮ್ಮವರು ಅನ್ನುವ ಹಾಗಿಲ್ಲ. ಗಾಂಧಿಯನ್ನು ಮೆಚ್ಚಿದವರು, ದಲಿತರಿಗೆ ಗಾಂಧಿ ಕೊಟ್ಟ ಹರಿಜನ ಎಂಬ ಹೆಸರನ್ನು ಗೇಲಿ ಮಾಡಿದರು. ಕಾಂಗ್ರೆಸ್ಸಿನಿಂದ ಸಭೆಗೆ ಬಂದವರು, ಕಾಂಗ್ರೆಸ್ ಬೆನ್ನಿಗೆ ನಿಂತಿದ್ದ ಕರಡು ಸಂವಿಧಾನವನ್ನು ಝಾಡಿಸಿದರು. ದಲಿತರಾಗಿದ್ದೂ ಅಂಬೇಡ್ಕರ್ ಕೇಳಿದ್ದನ್ನು ಬೇಡವೆಂದರು. ಇಂಥವರ ಭಾವಚಿತ್ರವನ್ನು ಯಾವ ಮೆರವಣಿಗೆಯವರು ಹೊರುತ್ತಾರೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಪುಲಯ ಎಂಬ ಪದವನ್ನು ಕನ್ನಡದ ಕಿವಿಯಿಂದ ಕೇಳಿ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಗಿದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪುಲಯ ಅಂದರೆ ನಮ್ಮ ಹೊಲೆಯ. ಮಲಯಾಳಂನಲ್ಲಿ ಪುಲಂ ಎಂದರೆ ಹೊಲ, ಪುಲ ಎಂದರೆ ಸೂತಕ. ನಮ್ಮಲ್ಲೂ ಹೊಲ ಇದೆ, ಹೊಲೆ ಇದೆ. ಹೊಲದಲ್ಲಿ ದುಡಿಯುವವರು ಎಂಬ ಮಾತು ಎಲ್ಲಿ ಮುಗಿಯಿತು, ಮೈಲಿಗೆಯವರು ಎಂಬ ಮಾತು ಎಲ್ಲಿ ಶುರುವಾಯಿತು ಎಂದು ಎರಡು ಭಾಷೆಯಲ್ಲೂ ಗೆರೆ ಎಳೆಯುವುದು ಕಷ್ಟ. ಪಂಡಿತರು ವ್ಯುತ್ಪತ್ತಿ ಚರ್ಚೆ ಮಾಡಿಕೊಳ್ಳಲಿ. ಗದ್ದೆಯಲ್ಲಿ ಬೆಳೆ ಬೆಳೆದವರನ್ನೇ ಮೈಲಿಗೆ ಮಾಡಿದ ಸಮಾಜದಲ್ಲಿ ಎರಡು ಅರ್ಥವೂ ಒಂದೇ ಬಾಯಿಂದ ಬಂದವು.

ಇದಕ್ಕೊಂದು ಉದಾಹರಣೆ ಕೊಚ್ಚಿಯಲ್ಲೇ ಸಿಗುತ್ತದೆ. ಎರ್ನಾಕುಲಂನಲ್ಲಿ ಒಂದು ಕೃಷಿ ಪ್ರದರ್ಶನ ನಡೆಯಿತು. ಪುಲಯರು ಬೆಳೆದ ಪದಾರ್ಥಗಳು ಒಳಗೆ ಸಾಲಾಗಿ ಇದ್ದವು. ಬೆಳೆದವರು ಮಾತ್ರ ಪಟ್ಟಣದೊಳಗೆ ಕಾಲಿಡುವಂತಿರಲಿಲ್ಲ. ಪಂಡಿತ್ ಕರುಪ್ಪನ್ ಇದನ್ನು ದಿವಾನರ ಗಮನಕ್ಕೆ ತಂದರು, ಅನುಮತಿ ಸಿಕ್ಕಿತು, ಹಿನ್ನೀರಿನಲ್ಲಿ ದೋಣಿಗಳ ಮೇಲೆ ಕಾದಿದ್ದ ಜನ ಆಗ ದಡ ಹತ್ತಿದರು.

ಹಾದಿಯಲ್ಲಿ ನಡೆಯುವ ಹಾಗಿಲ್ಲ, ಹೆಂಗಸರು ಮೇಲುಡುಗೆ ತೊಡುವ ಹಾಗಿಲ್ಲ, ಮೇಲ್ಜಾತಿಯವರಿಂದ ಇಷ್ಟಿಷ್ಟು ದೂರ ನಿಲ್ಲಬೇಕು, ಆ ದೂರಕ್ಕೂ ಜಾತಿಗೊಂದು ಅಳತೆ. ಇವೆಲ್ಲ ನಿಮಗೆ ಪಠ್ಯದಲ್ಲಿ ಬಂದಿರುತ್ತವೆ. ಹೆಸರಿನ ವಿಷಯ ಬಂದಿರಲಿಕ್ಕಿಲ್ಲ. ಪುಲಯರ ಹೆಣ್ಣುಮಕ್ಕಳಿಗೆ ಚಕ್ಕಿ, ಕಾಳಿ, ಕುರುಂಬ ಎಂದೆಲ್ಲ ಹೆಸರಿಡುವುದು ರೂಢಿ. ನಮ್ಮ ಕೆಂಚಿ, ಕರಿಯಿ ಇದ್ದ ಹಾಗೆ. ಅಂಥ ಕಡೆ ಮಗಳಿಗೆ ದಾಕ್ಷಾಯಣಿ ಎಂದು ಹೆಸರಿಟ್ಟರು. ದಕ್ಷನ ಮಗಳ ಹೆಸರು, ಯಜ್ಞಕ್ಕೆ ಕರೆಯದಿದ್ದರೂ ಹೋಗಿ ನಿಂತವಳ ಹೆಸರು. ಇಟ್ಟವರು ಪುರಾಣವನ್ನು ಅಷ್ಟು ದೂರ ಯೋಚಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಹೊಂದಿಕೊಂಡಿತು.

ಈ ಹುಡುಗಿ ಶಾಲೆಗೆ ಹೋದಳು, ಕೊಚ್ಚಿ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಓದಿದಳು, ಎರ್ನಾಕುಲಂನ ಮಹಾರಾಜಾ ಕಾಲೇಜು ಸೇರಿ ರಸಾಯನಶಾಸ್ತ್ರ ಆರಿಸಿಕೊಂಡಳು. ರಸಾಯನಶಾಸ್ತ್ರ ಮುಟ್ಟದೆ ಕಲಿಯುವ ವಿದ್ಯೆಯಲ್ಲ. ಗಾಜಿನ ನಳಿಕೆ ಹಿಡಿಯಬೇಕು, ಆಮ್ಲ ಸುರಿಯಬೇಕು, ಪಕ್ಕದವರ ಕೈಯಿಂದ ಇಸಿದುಕೊಳ್ಳಬೇಕು. ಮೇಲ್ಜಾತಿಯ ಅಧ್ಯಾಪಕರು ಈಕೆಗೆ ಪ್ರಯೋಗ ಮಾಡಿ ತೋರಿಸಲಿಲ್ಲ. ದೂರದಿಂದ ನೋಡಿಯೇ ಕಲಿತರು. 1935ರಲ್ಲಿ ಪದವಿ ಬಂತು. ಭಾರತದಲ್ಲಿ ಪದವಿ ಪಡೆದ ಮೊದಲ ದಲಿತ ಮಹಿಳೆ ಎಂದು ದಾಖಲಾಗಿರುವುದು ಇವರ ಹೆಸರೇ. ವಿಜ್ಞಾನ ವಿಭಾಗದವರು ಯಾರಾದರೂ ಇಲ್ಲಿದ್ದರೆ ಮುಂದಿನ ಸಲ ಪ್ರಯೋಗಾಲಯಕ್ಕೆ ಹೋದಾಗ, ನಾಲ್ಕು ಮಾರು ದೂರ ನಿಂತು ದ್ರವದ ಬಣ್ಣ ಬದಲಾದದ್ದು ಕಾಣುತ್ತದೆಯೇ ಎಂದು ಒಮ್ಮೆ ನೋಡಿ.

ಆಮೇಲೆ ಮದ್ರಾಸಿನಲ್ಲಿ ಶಿಕ್ಷಕ ತರಬೇತಿ, ತ್ರಿಶೂರ್ ಮತ್ತು ತ್ರಿಪುಣಿತುರ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರ ಕೆಲಸ. ಈ ದಿನಗಳ ಒಂದು ಪ್ರಸಂಗ ಅವರ ಮನೆಯವರ ನೆನಪಿನಲ್ಲಿ ಉಳಿದು ಬಂದಿದೆ. ಎರಡೂ ಕಡೆ ಭತ್ತದ ಗದ್ದೆ, ನಡುವೆ ಒಬ್ಬರೇ ನಡೆಯುವಷ್ಟು ಬದು. ಇವರು ಈ ಕಡೆಯಿಂದ ಹೋಗುತ್ತಿದ್ದಾರೆ, ಆ ಕಡೆಯಿಂದ ಮೇಲ್ಜಾತಿಯ ಹೆಂಗಸೊಬ್ಬಳು ಬಂದಳು. ಪದ್ಧತಿ ಪ್ರಕಾರ ಇವರು ಗದ್ದೆಗೆ ಇಳಿಯಬೇಕು. ಇಳಿ ಎಂದಳು ಆಕೆ. ಇವರು ಇಳಿಯಲಿಲ್ಲ, ಬೇಕಿದ್ದರೆ ನೀನೇ ಇಳಿ ಎಂದರು. ಕೊನೆಗೆ ಕೆಸರಿಗೆ ಇಳಿದವಳು ಆಕೆಯೇ.

ಕಥೆ ಇಲ್ಲಿಗೆ ಮುಗಿದರೆ ಚಪ್ಪಾಳೆ ಹೊಡೆದು ಮನೆಗೆ ಹೋಗಬಹುದು. ಆದರೆ ಬದುವಿನ ಮೇಲೆ ಗೆದ್ದು ಶಾಲೆಗೆ ಹೋದ ಈ ಟೀಚರ್‌ಗೆ ಅಲ್ಲಿನ ಬಾವಿಯ ನೀರು ಸೇದುವ ಹಕ್ಕಿರಲಿಲ್ಲ. ಪಾಠ ಹೇಳಬಹುದು, ನೀರು ಮುಟ್ಟುವ ಹಾಗಿಲ್ಲ. ಒಬ್ಬರ ಧೈರ್ಯದಿಂದ ಆಗುವುದು ಯಾವುದು, ಆಗದ್ದು ಯಾವುದು ಎಂದು ಇವರಿಗೆ ಆಗಲೇ ಗೊತ್ತಾಗಿರಬೇಕು. ಶಾಸನಸಭೆಯಲ್ಲಿ ಅವರಾಡಿದ ಮಾತುಗಳನ್ನು ಓದುವಾಗ ನನಗೆ ಬದುವಿಗಿಂತ ಬಾವಿಯೇ ಹೆಚ್ಚು ನೆನಪಾಗುತ್ತದೆ.

1940ರಲ್ಲಿ ಮದುವೆ. ವರ ಆರ್. ವೇಲಾಯುಧನ್, ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರ ಬಂಧು. ಮದುವೆ ನಡೆದದ್ದು ವಾರ್ಧಾದಲ್ಲಿ, ಗಾಂಧಿ ಮತ್ತು ಕಸ್ತೂರಬಾ ಎದುರಿಗೆ. ಪೌರೋಹಿತ್ಯ ವಹಿಸಿದ್ದು ಒಬ್ಬ ಕುಷ್ಠರೋಗಿ. ಮುಟ್ಟಬಾರದವರ ಮದುವೆಗೆ ಮುಟ್ಟಬಾರದ ಪುರೋಹಿತ. ಮುಂದೆ ಗಂಡ ಹೆಂಡತಿ ಇಬ್ಬರೂ ಹಂಗಾಮಿ ಸಂಸತ್ತಿನಲ್ಲಿ ಸದಸ್ಯರಾಗಿದ್ದರು.

ಶಾಸನಸಭೆಗೆ ಬರೋಣ. ಹೆಂಗಸರು ಶಾಸನಸಭೆಯಲ್ಲಿ ಕೂರುವುದು ದಕ್ಷಿಣ ಭಾರತಕ್ಕೆ ಆಗ ಹೊಸದೇನೂ ಅಲ್ಲ. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1920ರ ದಶಕದಲ್ಲೇ ಇದ್ದರು, ಪರಿಷತ್ತಿನ ಉಪಾಧ್ಯಕ್ಷರೂ ಆದರು. ಕೊಚ್ಚಿಯಲ್ಲಿ 1925ರಲ್ಲೇ ತೋಟ್ಟಕ್ಕಾಟ್ಟು ಮಾಧವಿ ಅಮ್ಮ ಶಾಸನಸಭೆಗೆ ನಾಮನಿರ್ದೇಶನಗೊಂಡಿದ್ದರು. ಪುಲಯರ ಪರವಾಗಿ ಕೊಚ್ಚಿ ಸಭೆಯಲ್ಲಿ ಮೊದಲು ಕೂತವರು ಪಂಡಿತ್ ಕರುಪ್ಪನ್, ಅಂದರೆ ಪುಲಯರಲ್ಲದವರು. ನಂತರ ಪುಲಯ ಗಂಡಸು ಕೆ.ಪಿ. ವಳ್ಳೋನ್ ಬಂದರು. 1945ರಲ್ಲಿ ಪುಲಯ ಹೆಂಗಸು ದಾಕ್ಷಾಯಣಿ. ಗಮನಿಸಿ, ಮೇಲ್ಜಾತಿಯ ಹೆಂಗಸಿಗೂ ಕೆಳಜಾತಿಯ ಹೆಂಗಸಿಗೂ ನಡುವೆ ಇಪ್ಪತ್ತು ವರ್ಷ ಹಿಡಿಯಿತು. ‘ಮೊದಲ ಮಹಿಳೆ’ ಎಂದು ಯಾರನ್ನಾದರೂ ಹೇಳುವಾಗ ಯಾವ ಮಹಿಳೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕೊಚ್ಚಿ ಸಭೆಯಲ್ಲಿ ಅವರು ಹೇಳಿದ್ದಾಗಿ ಉಳಿದಿರುವ ಒಂದು ಮಾತು ಇದೆ. ಅಸ್ಪೃಶ್ಯತೆ ಇರುವಷ್ಟು ಕಾಲ ಹರಿಜನ ಎನ್ನುವ ಹೆಸರಿಗೆ ಅರ್ಥವಿಲ್ಲ, ಅದು ನಾಯಿಗೆ ನೆಪೋಲಿಯನ್ ಎಂದು ಹೆಸರಿಟ್ಟ ಹಾಗೆ ಎಂದರು. ಗಾಂಧಿಯ ಮುಂದೆ ಹಾರ ಹಾಕಿಸಿಕೊಂಡು ಮದುವೆಯಾದವರ ಬಾಯಲ್ಲಿ ಬಂದ ಮಾತು ಇದು. ನಗು ಬರುತ್ತದೆ. ಎರಡನೇ ಸಲ ಓದಿದಾಗ ಬರುವುದಿಲ್ಲ. ಆ ಹೋಲಿಕೆಯಲ್ಲಿ ನಾಯಿಯ ಜಾಗದಲ್ಲಿ ಇರುವವರು ತಾವೇ ಎಂದು ಗೊತ್ತಿದ್ದೇ ಅವರು ಅದನ್ನು ಹೇಳಿದ್ದಾರೆ.

1946ರಲ್ಲಿ ಸಂವಿಧಾನ ಸಭೆಗೆ ಆಯ್ಕೆಯಾದರು, ಮದ್ರಾಸ್ ಪ್ರಾಂತ್ಯದಿಂದ. ಮದ್ರಾಸ್ ಪ್ರಾಂತ್ಯ ಅಂದರೆ ಆಗ ನಮ್ಮ ಮಂಗಳೂರು, ಬಳ್ಳಾರಿಗಳೂ ಅದರೊಳಗೇ. ಹಾಗೆ ನೋಡಿದರೆ ಒಂದಿಷ್ಟು ಕನ್ನಡಿಗರಿಗೂ ಆಕೆ ಪ್ರತಿನಿಧಿಯೇ. ಆದರೆ ಜನ ನೇರವಾಗಿ ಮತ ಹಾಕಿರಲಿಲ್ಲ. ಪ್ರಾಂತ್ಯದ ಶಾಸಕರು ಮತ ಹಾಕಿ ಕಳಿಸಿದ್ದರು. ಈ ವಿಷಯ ನೆನಪಿಟ್ಟುಕೊಳ್ಳಿ, ಅವರು ಇದನ್ನು ಮರೆತಿರಲಿಲ್ಲ.

ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ನೆಹರೂ ಧ್ಯೇಯಗಳ ನಿರ್ಣಯ ಮಂಡಿಸಿದರು, ಅದರ ಮೇಲೆ ಚರ್ಚೆ. ಡಿಸೆಂಬರ್ 19ರಂದು ದಾಕ್ಷಾಯಣಿ ಮಾತಾಡಿದರು. ಸಂವಿಧಾನ ಸಭೆ ಸಂವಿಧಾನವನ್ನು ರಚಿಸುವುದಷ್ಟೇ ಅಲ್ಲ, ಜನರಿಗೆ ಬದುಕಿನ ಹೊಸ ಚೌಕಟ್ಟನ್ನೂ ಕೊಡುತ್ತದೆ ಎಂದರು. ಪ್ರಾಚೀನ ಲಿಚ್ಛವಿ ಗಣರಾಜ್ಯದಲ್ಲಿ ಪ್ರತಿಯೊಬ್ಬ ಪ್ರಜೆಯನ್ನೂ ರಾಜ ಎಂದು ಕರೆಯುತ್ತಿದ್ದರು ಎಂದು ನೆನಪಿಸಿದರು. ದಲಿತರ ರಕ್ಷಣೆಯ ಮಾತಾಡುತ್ತಿದ್ದ ಚರ್ಚಿಲ್‌ರನ್ನು ಸುಮ್ಮನೆ ಬಿಡಲಿಲ್ಲ. ಕಮ್ಯುನಿಸ್ಟರನ್ನೂ ಬಿಡಲಿಲ್ಲ. ಆಮೇಲೆ ಬಂತು ಈ ಮಾತು: ಏಳು ಕೋಟಿ ಹರಿಜನರನ್ನು ಅಲ್ಪಸಂಖ್ಯಾತರು ಎಂದು ಪರಿಗಣಿಸಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮಗೆ ಬೇಕಾಗಿರುವುದು ಬಗೆಬಗೆಯ ರಕ್ಷಣೋಪಾಯಗಳಲ್ಲ, ನಮ್ಮ ಸಾಮಾಜಿಕ ನಿರ್ಬಂಧಗಳು ಕೂಡಲೇ ತೊಲಗಬೇಕು. ಸ್ವತಂತ್ರ ಸಮಾಜವಾದಿ ಗಣರಾಜ್ಯ ಮಾತ್ರವೇ ಹರಿಜನರಿಗೆ ಸ್ವಾತಂತ್ರ್ಯ ಮತ್ತು ಸಮಾನ ಸ್ಥಾನ ಕೊಡಬಲ್ಲದು.

ಈಗ ಕಷ್ಟದ ಜಾಗಕ್ಕೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1932ರಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತದಾರ ಕ್ಷೇತ್ರ ಕೊಟ್ಟಿತು, ಅಂದರೆ ದಲಿತರ ಪ್ರತಿನಿಧಿಯನ್ನು ದಲಿತರೇ ಮತ ಹಾಕಿ ಆರಿಸುವ ವ್ಯವಸ್ಥೆ. ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಗಿ, ಎಲ್ಲರೂ ಸೇರಿ ಮತ ಹಾಕುವ, ಆದರೆ ದಲಿತರಿಗೆ ಮೀಸಲಾದ 148 ಸ್ಥಾನಗಳು ಬಂದವು. ಸ್ಥಾನ ದಲಿತರದ್ದು, ಗೆಲ್ಲಿಸುವ ಮತ ಬಹುಪಾಲು ಸವರ್ಣೀಯರದ್ದು. ಇದರಿಂದ ಏನಾಗುತ್ತದೆ ಎಂದು ಅಂಬೇಡ್ಕರ್ ಹೇಳುತ್ತಲೇ ಇದ್ದರು. 1946ರ ಚುನಾವಣೆಯಲ್ಲಿ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟ ನೆಲಕಚ್ಚಿತು. ಅಂಬೇಡ್ಕರರೇ ಸಂವಿಧಾನ ಸಭೆಗೆ ಬರಲು ಬಂಗಾಳದ ದಲಿತ ನಾಯಕ ಜೋಗೇಂದ್ರನಾಥ ಮಂಡಲರ ಬೆಂಬಲ ಬೇಕಾಯಿತು. ಹಾಗಾಗಿ 1947ರಲ್ಲಿ ಅವರು ಪ್ರತ್ಯೇಕ ಮತಕ್ಷೇತ್ರವನ್ನು ಮತ್ತೆ ಕೇಳಿದ್ದು ಹಟದಿಂದಲ್ಲ, ಅನುಭವದಿಂದ.

1947ರ ಆಗಸ್ಟ್ 28. ಸ್ವಾತಂತ್ರ್ಯ ಬಂದು ಎರಡು ವಾರವೂ ಆಗಿಲ್ಲ, ಪಂಜಾಬ್ ಹೊತ್ತಿ ಉರಿಯುತ್ತಿದೆ. ಸಭೆಯಲ್ಲಿ ಮದ್ರಾಸಿನ ಎಸ್. ನಾಗಪ್ಪ ಒಂದು ನಡುದಾರಿ ಸೂಚಿಸಿದರು. ಮತಕ್ಷೇತ್ರ ಜಂಟಿಯಾಗಿಯೇ ಇರಲಿ, ಆದರೆ ಮೀಸಲು ಸ್ಥಾನದಲ್ಲಿ ಗೆಲ್ಲುವವರು ದಲಿತರ ಮತಗಳಲ್ಲಿ ಶೇಕಡಾ 35ನ್ನಾದರೂ ಪಡೆದಿರಬೇಕು. ಅದೇ ದಿನ ದಾಕ್ಷಾಯಣಿ ಎದ್ದರು. ಪ್ರತ್ಯೇಕ ಮತಕ್ಷೇತ್ರ ಯಾವ ವೇಷದಲ್ಲಿ ಬಂದರೂ ಬೇಡ ಎಂದರು. ವೈಯಕ್ತಿಕವಾಗಿ ತಾನು ಯಾವ ಬಗೆಯ ಮೀಸಲಾತಿಯ ಪರವೂ ಅಲ್ಲ ಎಂದೂ ಹೇಳಿದರು.

ಈ ಕೊನೆಯ ವಾಕ್ಯವನ್ನು ಕತ್ತರಿಸಿ ಇಟ್ಟುಕೊಂಡಿರುವವರು ಇದ್ದಾರೆ. ನೋಡಿ, ದಲಿತ ಮಹಿಳೆಯೇ ಹೇಳಿದ್ದಾರೆ ಎಂದು ಮೊಬೈಲಿನಿಂದ ಮೊಬೈಲಿಗೆ ಕಳಿಸುತ್ತಾರೆ. ಅದೇ ಭಾಷಣದ ಇನ್ನೊಂದು ಮಾತನ್ನು ಅವರು ಕಳಿಸುವುದಿಲ್ಲ. ಪರಿಶಿಷ್ಟ ಜಾತಿಗಳು, ಹರಿಜನರು, ಯಾವ ಹೆಸರಿನಿಂದಾದರೂ ಕರೆಯಿರಿ, ಅವರು ಬೇರೆಯವರ ಆರ್ಥಿಕ ಗುಲಾಮರಾಗಿರುವವರೆಗೆ ಪ್ರತ್ಯೇಕ ಮತಕ್ಷೇತ್ರ ಕೇಳುವುದಕ್ಕೂ ಅರ್ಥವಿಲ್ಲ, ಜಂಟಿ ಮತಕ್ಷೇತ್ರ ಕೇಳುವುದಕ್ಕೂ ಅರ್ಥವಿಲ್ಲ ಎಂದಿದ್ದರು. ಅಂದರೆ ಇವರ ತಕರಾರು ಮೀಸಲಾತಿ ಜಾಸ್ತಿಯಾಯಿತು ಎಂದಲ್ಲ. ಅಷ್ಟರಿಂದ ಏನೂ ಆಗುವುದಿಲ್ಲ, ಗದ್ದೆ ಯಾರ ಕೈಯಲ್ಲಿದೆ ಎಂದು ಮೊದಲು ನೋಡಿ ಎಂದು. ಒಬ್ಬಾತನ ಗದ್ದೆಯಲ್ಲಿ ಕೂಲಿ ಮಾಡಿ ಅವನ ಜಾಗದಲ್ಲೇ ಗುಡಿಸಲು ಹಾಕಿಕೊಂಡವರು ಮತಗಟ್ಟೆಗೆ ಹೋದಾಗ, ಯಾವ ಪೆಟ್ಟಿಗೆಗೆ ಚೀಟಿ ಹಾಕಬೇಕೆಂದು ಯಾರು ಹೇಳುತ್ತಾರೆ? ಪೆಟ್ಟಿಗೆ ಪ್ರತ್ಯೇಕ ಇಟ್ಟರೇನು, ಒಟ್ಟಿಗೆ ಇಟ್ಟರೇನು?

ನಾನು ಅವರನ್ನು ಪೂರ್ತಿ ಒಪ್ಪುತ್ತೇನೆಯೇ? ಇಲ್ಲ. ಪ್ರಶ್ನೋತ್ತರದಲ್ಲಿ ಕೇಳುತ್ತೀರಿ ಎಂದು ಈಗಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನ ಇಲ್ಲದಿದ್ದರೆ ದಾಕ್ಷಾಯಣಿ ಕಾಲೇಜಿಗೆ ಬರುತ್ತಿರಲಿಲ್ಲ. ಕೊಚ್ಚಿ ಸಭೆಗೆ ಅವರು ನಾಮನಿರ್ದೇಶನದಿಂದಲೇ ಬಂದರು. ಬಾಗಿಲು ತೆರೆಯಲು ಯಾರೋ ಒಬ್ಬರು ಒತ್ತು ಕೊಟ್ಟಿರಲೇಬೇಕಿತ್ತು. ಅವರ ಸಮಾಜವಾದಿ ಗಣರಾಜ್ಯ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯುತ್ತಾ ಕೂತಿದ್ದರೆ, ಈ ಸಭಾಂಗಣದಲ್ಲಿರುವ ಹಲವರು ಇಲ್ಲಿರುತ್ತಿರಲಿಲ್ಲ. ಅಂಬೇಡ್ಕರರ ಲೆಕ್ಕ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಆದರೆ ಗುಲಾಮಗಿರಿಯ ಬಗ್ಗೆ ಆಕೆ ಹೇಳಿದ್ದನ್ನು ತಳ್ಳಿಹಾಕಲು ನನ್ನಲ್ಲಿ ಉತ್ತರವಿಲ್ಲ, ಅಂಬೇಡ್ಕರರಿಗೂ ಅದು ಗೊತ್ತಿದ್ದ ವಿಷಯವೇ.

ಇನ್ನೊಂದು ಸೂಕ್ಷ್ಮ ಇದೆ. ಸಭೆಯಲ್ಲಿದ್ದ ಒಬ್ಬರೇ ಮುಸ್ಲಿಂ ಮಹಿಳೆ ಬೇಗಂ ಐಜಾಜ್ ರಸೂಲ್. ಅವರೂ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ವಿರೋಧಿಸಿದರು, ಅದು ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಎಂದೆಂದಿಗೂ ಬೇರೆ ಮಾಡುವ, ತನ್ನನ್ನೇ ಕೊಂದುಕೊಳ್ಳುವ ಆಯುಧ ಎಂದರು. ಸಭೆಯ ಇನ್ನೊಬ್ಬ ಸದಸ್ಯೆ ಹಂಸಾ ಮೆಹ್ತಾ, ಮಹಿಳೆಯರಾದ ನಾವು ಎಂದೂ ವಿಶೇಷ ಸವಲತ್ತು ಕೇಳಿಲ್ಲ, ಕೇಳಿದ್ದು ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಎಂದರು. ಮೂವರು ಮಹಿಳೆಯರು, ಮೂರು ಹಿನ್ನೆಲೆ, ದನಿ ಒಂದೇ. ಆ ಪೀಳಿಗೆಯ ಹೆಮ್ಮೆ ಅದು. ಎರಡು ವರ್ಷದ ಕೆಳಗೆ ಈ ಹೆಮ್ಮೆಯ ಬಗ್ಗೆ ಒಂದು ಕಡೆ ಮಾತಾಡಿದಾಗ ಹಿರಿಯರೊಬ್ಬರು ಎದ್ದು, ‘ಹೆಮ್ಮೆ ಅಲ್ಲಮ್ಮ, ಅದು ಒತ್ತಡ. ಅವತ್ತಿನ ಗಾಳಿಯಲ್ಲಿ ಒಗ್ಗಟ್ಟು ಬಿಟ್ಟು ಬೇರೆ ಮಾತಾಡಿದರೆ ದೇಶದ್ರೋಹಿ ಅನ್ನಿಸಿಕೊಳ್ಳಬೇಕಿತ್ತು’ ಎಂದರು. ಅವರ ಮಾತಿನಲ್ಲೂ ಹುರುಳಿದೆ. ದೇಶ ಒಡೆದ ರಕ್ತ ಇನ್ನೂ ಹಸಿಯಾಗಿತ್ತು.

ಆದರೆ ದಾಕ್ಷಾಯಣಿ ಒತ್ತಡಕ್ಕೆ ಬಗ್ಗುವ ಪೈಕಿ ಅಲ್ಲ ಎಂದು ನನಗೆ ಅನ್ನಿಸುವುದು 1948ರ ನವೆಂಬರ್ 8ರ ಭಾಷಣ ಓದಿದಾಗ. ನಾಲ್ಕು ದಿನ ಮುಂಚೆ ಅಂಬೇಡ್ಕರ್ ಕರಡು ಸಂವಿಧಾನ ಮಂಡಿಸಿ ಮಾಡಿದ ಭಾಷಣವನ್ನು ಎಲ್ಲರೂ ಹೊಗಳುತ್ತಿದ್ದರು. ಇವರೂ ಹೊಗಳಿದರು, ಆಮೇಲೆ ಕೊಡವಲು ಶುರು ಮಾಡಿದರು. ಇದರಲ್ಲಿ ಅಧಿಕಾರ ವಿಕೇಂದ್ರೀಕರಣ ಎಲ್ಲಿದೆ? ಕೇಂದ್ರಕ್ಕೆ ಇಷ್ಟೊಂದು ಬಲ ಯಾಕೆ? ಬ್ರಿಟಿಷರ 1935ರ ಕಾಯ್ದೆಯ ನೆರಳು ಇದರ ಮೇಲೆ ಇಷ್ಟು ದಟ್ಟವಾಗಿ ಯಾಕೆ ಬಿದ್ದಿದೆ? ರಾಜ್ಯಪಾಲರನ್ನು ಕೇಂದ್ರ ನೇಮಿಸುವ ವ್ಯವಸ್ಥೆಯ ಮೇಲೂ ಕೈ ಮಾಡಿದರು. ಇವತ್ತು ರಾಜ್ಯಪಾಲರು ಮಸೂದೆಗೆ ಸಹಿ ಹಾಕದೆ ಕೂತರು ಎಂದು ಪತ್ರಿಕೆಯಲ್ಲಿ ಓದಿದಾಗೆಲ್ಲ ನನಗೆ ಮುಳವುಕಾಡಿನ ಈ ಟೀಚರ್ ನೆನಪಾಗುತ್ತಾರೆ.

ಅದಕ್ಕಿಂತ ದಿಟ್ಟವಾದ ಸಲಹೆ ಒಂದಿತ್ತು. ಈ ಕರಡನ್ನು ಇಟ್ಟುಕೊಂಡು ಸಾರ್ವತ್ರಿಕ ಚುನಾವಣೆಗೆ ಹೋಗಿ, ಜನರ ಒಪ್ಪಿಗೆ ಪಡೆಯಿರಿ ಎಂದರು. ನಾವೆಲ್ಲ ಪರೋಕ್ಷವಾಗಿ ಆಯ್ಕೆಯಾಗಿ ಬಂದವರು ಎಂಬುದನ್ನು ಮರೆಯದವರು ಮಾತ್ರ ಹೇಳಬಹುದಾದ ಮಾತು ಅದು. ಯಾರೂ ಕಿವಿಗೊಡಲಿಲ್ಲ.

ನಾನು ಹೇಳಬೇಕೆಂದು ಬಂದದ್ದು ಇಲ್ಲೇ ಇದೆ. ಒಡೆದ ಸಮಾಜದಲ್ಲಿ ಕೆಳಗಿನಿಂದ ಒಬ್ಬರನ್ನು ಮೇಲಿನ ಸಭೆಗೆ ಕರೆದಾಗ, ಅವರಿಗೆ ಒಂದು ವಿಷಯವನ್ನೂ ಕೊಟ್ಟು ಕೂರಿಸುತ್ತಾರೆ. ನೀವು ನಿಮ್ಮವರ ಬಗ್ಗೆ ಹೇಳಿ, ಉಳಿದದ್ದು ನಮಗೆ ಬಿಡಿ. ದಲಿತ ಹೆಂಗಸು ಅಸ್ಪೃಶ್ಯತೆಯ ಬಗ್ಗೆ ಮಾತಾಡಲಿ, ರಾಜ್ಯಪಾಲರ ನೇಮಕದ ಬಗ್ಗೆ ವಕೀಲರು ಮಾತಾಡುತ್ತಾರೆ. ದಾಕ್ಷಾಯಣಿ ಆ ವಿಷಯಕ್ಕೆ ಮಾತ್ರ ಅಂಟಿ ಕೂರಲಿಲ್ಲ. ಇಡೀ ದೇಶದ ಚೌಕಟ್ಟೇ ತನ್ನ ವಿಷಯ ಎಂದರು. ಅಲ್ಪಸಂಖ್ಯಾತರಲ್ಲ ನಾವು ಎಂದು 1946ರ ಡಿಸೆಂಬರಿನಲ್ಲಿ ಹೇಳಿದ್ದರ ಅರ್ಥವೂ ಇದೇ ಇರಬೇಕು: ನಮಗೊಂದು ಮೂಲೆ ಕೊಡಬೇಡಿ.

ಹಾಗೆಂದು ಆ ವಿಷಯವನ್ನು ಬಿಟ್ಟವರೂ ಅಲ್ಲ. 1948ರ ನವೆಂಬರ್ 29ರಂದು ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿ ಚರ್ಚೆಗೆ ಬಂತು. ಕರಡಿನಲ್ಲಿ ಅದು 11ನೇ ವಿಧಿ, ಈಗಿನ ಸಂವಿಧಾನದಲ್ಲಿ 17ನೆಯದು. ಕರಡು ಸಮಿತಿಯ ಅಧ್ಯಕ್ಷರೇ ಅಸ್ಪೃಶ್ಯ ಸಮುದಾಯದವರಾಗಿರುವಾಗ ಈ ವಿಧಿ ಇಲ್ಲದ ಸಂವಿಧಾನವನ್ನು ನಿರೀಕ್ಷಿಸಲು ಸಾಧ್ಯವಿಲ್ಲ ಎಂದು ದಾಕ್ಷಾಯಣಿ ಹೇಳಿದರು. ಭಿನ್ನಾಭಿಪ್ರಾಯ ಏನೇ ಇರಲಿ, ಗೌರವ ಎಲ್ಲಿ ಸಲ್ಲಬೇಕೋ ಅಲ್ಲಿ ಸಲ್ಲಿಸಿದರು. ಈ ಸಂವಿಧಾನ ನಡೆಯುವುದು ಕಾನೂನನ್ನು ಜಾರಿ ಮಾಡುವುದರ ಮೇಲಲ್ಲ, ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದರ ಮೇಲೆ ಎಂದರು. ಸಂವಿಧಾನ ಸಭೆಯೇ ಮೊದಲಲ್ಲೇ ಅಸ್ಪೃಶ್ಯತೆಯ ವಿರುದ್ಧ ಬಹಿರಂಗ ಘೋಷಣೆ ಮಾಡಬೇಕಿತ್ತು ಎನ್ನುವುದು ಅವರ ಹಳೆಯ ಬೇಡಿಕೆ. ಹೊರದೇಶದಲ್ಲಿ ನಮ್ಮ ಪ್ರತಿನಿಧಿಗಳು, ಯಾರಾದರೂ ಈ ಪ್ರಶ್ನೆ ಎತ್ತಿದರೆ ನಾಚಿಕೆಯಿಂದ ತಲೆ ತಗ್ಗಿಸುವ ಹಾಗೆ ಆಗಬಾರದು ಎಂದೂ ಹೇಳಿದರು. ಆ ಕಾಲದಲ್ಲಿ ಭಾರತ ದಕ್ಷಿಣ ಆಫ್ರಿಕದ ವರ್ಣಭೇದವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿ ಖಂಡಿಸುತ್ತಿತ್ತು. ಮನೆಯೊಳಗೆ ಬಾವಿಗೆ ಬೇಲಿ, ಹೊರಗೆ ಸಮಾನತೆಯ ಭಾಷಣ. ಆಕೆ ಚುಚ್ಚಿದ್ದು ಅಲ್ಲಿ.

ಅವರು ಮಾತಾಡುತ್ತಿದ್ದಾಗ ಒಮ್ಮೆ ಸಮಯ ಮೀರಿತು. ಪೀಠದಲ್ಲಿದ್ದ ಉಪಾಧ್ಯಕ್ಷರು ಅದನ್ನು ನೆನಪಿಸಿ, ನೀವು ಮಹಿಳೆ ಎನ್ನುವ ಒಂದೇ ಕಾರಣಕ್ಕೆ ಬಿಡುತ್ತಿದ್ದೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಯಾವ ವಿನಾಯಿತಿಯೂ ಬೇಡ ಎಂದು ವಾದಿಸುತ್ತಿದ್ದ ಹೆಂಗಸಿಗೆ, ನಾಲ್ಕು ನಿಮಿಷದ ವಿನಾಯಿತಿ. ನನಗೂ ನಮ್ಮ ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ತೋರಿಸಿದ್ದಾರೆ, ಬೇಗ ಮುಗಿಸುತ್ತೇನೆ.

1952ರ ನಂತರ ಅವರು ಶಾಸನಸಭೆಯಲ್ಲಿ ಇರಲಿಲ್ಲ. ಐದು ಮಕ್ಕಳ ಸಂಸಾರ, ಹಣದ ಮುಗ್ಗಟ್ಟು. ಸಂವಿಧಾನಕ್ಕೆ ಸಹಿ ಹಾಕಿದವರ ಮನೆಯಲ್ಲೂ ಅಕ್ಕಿ ತರಬೇಕು. ಹತ್ತೊಂಬತ್ತು ವರ್ಷ ಬಿಟ್ಟು, 1971ರಲ್ಲಿ ಕೇರಳದ ಅಡೂರ್ ಲೋಕಸಭಾ ಕ್ಷೇತ್ರದಿಂದ ನಿಂತರು. ಜನರ ಮುಂದೆ ಹೋಗಿ ಎಂದು ಸಭೆಗೆ ಹೇಳಿದ್ದವರು ತಾವೇ ಜನರ ಮುಂದೆ ಹೋದರು, ಸೋತರು. ಅಡೂರ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಲ್ಲಿ ಗೆದ್ದವರು ಸಿಪಿಐನ ಭಾರ್ಗವಿ ತಂಕಪ್ಪನ್, ಅವರೂ ದಲಿತ ಮಹಿಳೆ. ಮೀಸಲಾತಿ ಬೇಡ ಎಂದಿದ್ದವರು ಮೀಸಲು ಕ್ಷೇತ್ರದಲ್ಲಿ ನಿಂತರಲ್ಲ ಎಂದು ಯಾರಾದರೂ ನಗಬಹುದು. ನನಗೆ ಕಂಡದ್ದು ಬೇರೆ. 1946ರ ಸಭೆಯಲ್ಲಿ ದಲಿತ ಮಹಿಳೆ ಒಬ್ಬರೇ ಒಬ್ಬರು. 1971ರ ಒಂದೇ ಕ್ಷೇತ್ರದ ಕಣದಲ್ಲಿ ಇಬ್ಬರು, ಒಬ್ಬರ ಎದುರು ಒಬ್ಬರು.

ಸೋತ ಮೇಲೆ ದೆಹಲಿಯಲ್ಲಿ ಉಳಿದರು. 1977ರಲ್ಲಿ ದಲಿತ ಮಹಿಳೆಯರನ್ನು ಒಟ್ಟು ಸೇರಿಸಿ ಮಹಿಳಾ ಜಾಗೃತಿ ಪರಿಷತ್ ಎಂಬ ಸಂಘಟನೆ ಕಟ್ಟಿದರು. ಆಗ ಅವರಿಗೆ ಅರವತ್ತೈದು. ಮರುವರ್ಷ 1978ರ ಜುಲೈನಲ್ಲಿ ತೀರಿಕೊಂಡರು. ಆ ಪರಿಷತ್ತಿನ ಸಭೆ ಸೇರಿದ್ದು ನೆಲದ ಮೇಲೆ, ರಾಜಧಾನಿಯಲ್ಲಿ. ಬಂದಿದ್ದ ಹೆಂಗಸರು ಯಾರೂ ದೋಣಿ ಕಟ್ಟಬೇಕಾಗಿರಲಿಲ್ಲ.